ಜಲವರ್ಣಕ್ಕೆ ಒಳ್ಳೆಯ ಕಾಗದ ಆರಿಸುವುದು ಹೇಗೆ? ಕರಾವಳಿಯ ಥಂಡಿ (ತೇವದ) ಹವೆಯಲ್ಲಿ ಚಿತ್ರ ಬಿಡಿಸುವವರಿಗೆ ಸಮಗ್ರ ಮಾರ್ಗದರ್ಶಿ

ಜಲವರ್ಣ ಕಲಿಯಲು ಹೊರಟವರು ಮೊದಲು ದುಡ್ಡು ಹಾಕುವುದು ಬಣ್ಣಕ್ಕೆ. ಆಮೇಲೆ ಬ್ರಷ್‌ಗೆ. ಕೊನೆಗೆ ಉಳಿದ ಚಿಲ್ಲರೆಯಲ್ಲಿ ಕಾಗದ. ನನ್ನ ಪ್ರಕಾರ ಈ ಲೆಕ್ಕವನ್ನು ಪೂರ್ತಿ ತಿರುಗಿಸಬೇಕು. ಕಡಿಮೆ ಬೆಲೆಯ ಬಣ್ಣವೂ ಒಳ್ಳೆಯ ಹಾಳೆಯ ಮೇಲೆ ಚೆನ್ನಾಗಿ ಹರಿಯುತ್ತದೆ. ದುಬಾರಿ ಬಣ್ಣವನ್ನು ಕೆಟ್ಟ ಹಾಳೆಗೆ ಹಚ್ಚಿದರೆ ಕಲೆ ಕಲೆಯಾಗಿ ಒಣಗುತ್ತದೆ. ಆಕಾಶಕ್ಕೆ ಒಂದು ವಾಶ್, ಅಂದರೆ ನೀರಾಗಿಸಿದ ಬಣ್ಣದ ತೆಳು ಪದರ, ಎಳೆದಾಗ ಗೆರೆ ಬಿದ್ದರೆ ಹೊಸಬರು "ನನ್ನ ಕೈಯೇ ಸರಿಯಿಲ್ಲ" ಅಂದುಕೊಂಡು ಬ್ರಷ್ ಕೆಳಗಿಡುತ್ತಾರೆ. ಎಷ್ಟೋ ಸಲ ಅಲ್ಲಿ ತಪ್ಪು ಕೈಯದ್ದಲ್ಲ, ಹಾಳೆಯದ್ದು.

ಮಂಗಳೂರು, ಉಡುಪಿ ಕಡೆಯವರಿಗೆ ಇದರ ಜೊತೆ ಇನ್ನೊಂದು ಕಷ್ಟ ಇದೆ. ಕಾಗದದ ಬಗ್ಗೆ ಸಿಗುವ ಸಲಹೆಗಳು ಬಹುತೇಕ ಒಣ ಹವೆಯ ಊರುಗಳಿಂದ ಬಂದವು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಲ್ಟು, ಚಪ್ಪಲಿಗೇ ಬೂಷ್ಟು ಹಿಡಿಯುತ್ತದೆ. ಅಂಥ ಹವೆಯಲ್ಲಿ ಕಪಾಟಿನೊಳಗಿನ ಹಾಳೆ ಸುಮ್ನೆ ಇರುತ್ತದೆಯೇ? ಹಾಗಾಗಿ ನಾವು ಕಾಗದ ಆರಿಸುವಾಗ ಎರಡು ವಿಷಯ ನೋಡಬೇಕು: ಅದು ಬಣ್ಣವನ್ನು ಹೇಗೆ ಹಿಡಿಯುತ್ತದೆ, ಮತ್ತು ನಮ್ಮ ಮಳೆಗಾಲವನ್ನು ಹೇಗೆ ತಾಳುತ್ತದೆ.

ಹೆಜ್ಜೆ 1: ಏನು ಬಿಡಿಸುತ್ತೀರಿ ಅನ್ನುವುದನ್ನು ಮೊದಲು ನಿರ್ಧರಿಸಿ

ಅಂಗಡಿಗೆ ಹೋಗುವ ಮೊದಲು ನಿಮ್ಮ ಇತ್ತೀಚಿನ ಚಿತ್ರಗಳನ್ನು ಹರಡಿಕೊಂಡು ನೋಡಿ. ನೀರು ಜಾಸ್ತಿ ಸುರಿದು, ಒದ್ದೆಯ ಮೇಲೆ ಒದ್ದೆ ಬಣ್ಣ ಬಿಡುವುದು ನಿಮ್ಮ ರೀತಿಯೇ? ಪೆನ್ನಲ್ಲಿ ಗೆರೆ ಎಳೆದು ಮೇಲೆ ತೆಳುವಾಗಿ ಬಣ್ಣ ಹಚ್ಚುತ್ತೀರಾ? ಬರೀ ಬಣ್ಣ ಬೆರೆಸುವ ಅಭ್ಯಾಸವೇ? ಮಲ್ಪೆ ಬಂದರಿನ ಮೇಲೆ ಕವಿದ ಮಳೆಮೋಡಕ್ಕೆ ಬೇಕಾದ ಹಾಳೆ ಬೇರೆ, ಉಡುಪಿ ರಥಬೀದಿಯ ಮಠಗಳ ಕಂಬ, ಮಾಡುಗಳನ್ನು ಗೆರೆಯಲ್ಲಿ ಹಿಡಿಯಲು ಬೇಕಾದ ಹಾಳೆ ಬೇರೆ. ಒಂದೇ ಕಾಗದ ಎಲ್ಲಕ್ಕೂ ಆಗಲಿ ಅಂತ ಹುಡುಕಿದರೆ ಯಾವುದಕ್ಕೂ ಸರಿಯಾಗದ್ದು ಮನೆಗೆ ಬರುತ್ತದೆ.

ಹೆಜ್ಜೆ 2: ಹತ್ತಿಯೋ, ಮರದ ತಿರುಳೋ

ಜಲವರ್ಣದ ಕಾಗದದಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು 100% ಕಾಟನ್, ಅಂದರೆ ಹತ್ತಿಯ ನಾರಿನಿಂದ ಮಾಡಿದ್ದು. ಇನ್ನೊಂದು ಮರದ ತಿರುಳಿನದ್ದು, ಇದನ್ನು ಸೆಲ್ಯುಲೋಸ್ ಪೇಪರ್ ಅನ್ನುತ್ತಾರೆ. ಇವೆರಡರ ನಡುವೆ 25% ಹತ್ತಿ ಸೇರಿಸಿದ ಹಾಳೆಗಳೂ ಸಿಗುತ್ತವೆ.

ಹತ್ತಿಯ ಹಾಳೆ ನೀರನ್ನು ಒಳಗೆಳೆದುಕೊಂಡು ನಿಧಾನಕ್ಕೆ ಬಿಡುತ್ತದೆ. ಬಣ್ಣ ಹರಡಲು, ಬೆರೆಯಲು ಸಮಯ ಸಿಗುತ್ತದೆ. ಒಂದು ಪದರ ಒಣಗಿದ ಮೇಲೆ ಇನ್ನೊಂದು ಹಚ್ಚಿದರೆ ಕೆಳಗಿನದು ಸುಲಭಕ್ಕೆ ಏಳುವುದಿಲ್ಲ. ಸೆಲ್ಯುಲೋಸ್ ಹಾಳೆಯಲ್ಲಿ ಬಣ್ಣ ಹೆಚ್ಚಾಗಿ ಮೇಲ್ಮೈಯಲ್ಲೇ ಕೂರುತ್ತದೆ. ಹೊಳಪು ಚೆನ್ನಾಗಿರುತ್ತದೆ, ತಪ್ಪಿದ್ದನ್ನು ಒದ್ದೆ ಬ್ರಷ್‌ನಿಂದ ಎತ್ತುವುದೂ ಸುಲಭ. ಆದರೆ ಬೇಗ ಮತ್ತು ಅಸಮವಾಗಿ ಒಣಗುತ್ತದೆ. ಅರ್ಧ ಒಣಗಿದಲ್ಲಿಗೆ ನೀರು ನುಗ್ಗಿ ಹೂಕೋಸಿನ ಅಂಚಿನಂಥ ಕಲೆ ಬೀಳುವುದು ಇಂಥ ಹಾಳೆಯಲ್ಲೇ ಜಾಸ್ತಿ.

ಏಪ್ರಿಲ್ ತಿಂಗಳ ಮಧ್ಯಾಹ್ನ ಪಣಂಬೂರು ಕಡಲ ತೀರದಲ್ಲಿ ಕೂತು ಬಿಡಿಸಿ ನೋಡಿ, ಈ ವ್ಯತ್ಯಾಸ ಕೂಡಲೇ ತಿಳಿಯುತ್ತದೆ. ಬಿಸಿಲು ಒಂದು ಕಡೆ, ಕಡಲ ಗಾಳಿ ಇನ್ನೊಂದು ಕಡೆ. ಸೆಲ್ಯುಲೋಸ್ ಹಾಳೆಯಲ್ಲಿ ಆಕಾಶ ಮುಗಿಸಿ ನೀರಿನ ಗೆರೆಗೆ ಬರುವಷ್ಟರಲ್ಲಿ ಮೇಲಿನದು ಒಣಗಿ ಗಟ್ಟಿ ಅಂಚು ಬಂದಿರುತ್ತದೆ. ಹತ್ತಿಯ ಹಾಳೆಯಾದರೆ ಇನ್ನೂ ಸ್ವಲ್ಪ ಹೊತ್ತು ನಿಮ್ಮ ಜೊತೆ ಇರುತ್ತದೆ. ಹಾಳೆಯ ಎರಡೂ ಬದಿಗೆ ನೀರು ಹಚ್ಚಿ ಅಕ್ರಿಲಿಕ್ ಶೀಟಿನ ಮೇಲೆ ಅಂಟಿಸಿಕೊಂಡರೆ ಇನ್ನೂ ಹೆಚ್ಚು ಹೊತ್ತು ಒದ್ದೆ ಉಳಿಯುತ್ತದೆ.

ಹಾಗಂತ ಹೊಸಬರು ಎಲ್ಲದಕ್ಕೂ ಹತ್ತಿಯನ್ನೇ ಕೊಳ್ಳಬೇಕಾಗಿಲ್ಲ. ಬಣ್ಣದ ಪಟ್ಟಿ, ಬ್ರಷ್ ಅಭ್ಯಾಸ, ಚಿತ್ರದ ಸಣ್ಣ ಕರಡು, ಇವಕ್ಕೆ ಸೆಲ್ಯುಲೋಸ್ ಸಾಕು. ಕ್ಯಾನ್ಸನ್ ಎಕ್ಸ್‌ಎಲ್ ಆ ಜಾತಿಯದ್ದು. ಆದರೆ ವಾಶ್ ಮತ್ತು ಒದ್ದೆಯ ಮೇಲೆ ಒದ್ದೆ ಕಲಿಯುವಾಗ ಮಾತ್ರ ದಯವಿಟ್ಟು ಹತ್ತಿಯಲ್ಲೇ ಕಲಿಯಿರಿ. ಸೆಲ್ಯುಲೋಸ್ ಮೇಲೆ ಕಲಿತ ನೀರಿನ ಅಂದಾಜು ಹತ್ತಿಗೆ ಹೊಂದುವುದಿಲ್ಲ. ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಹತ್ತಿಯಲ್ಲಿ ಹೆಸರು ಕೇಳಿದರೆ: ಫ್ರಾನ್ಸಿನ ಆರ್ಶ್, ಅದರ ಕಾಗದದ ಗಿರಣಿ 1492ರಷ್ಟು ಹಳೆಯದು. ಇಟಲಿಯ ಫ್ಯಾಬ್ರಿಯಾನೊ ಆರ್ಟಿಸ್ಟಿಕೊ. ಇಂಗ್ಲೆಂಡಿನ ಸೇಂಟ್ ಕತ್‌ಬರ್ಟ್ಸ್ ಮಿಲ್‌ನ ಸಾಂಡರ್ಸ್ ವಾಟರ್‌ಫೋರ್ಡ್. ಇವು ದುಬಾರಿ. ಬೆಲೆ ಕಡಿಮೆ ಬೇಕಾದರೆ ಚೀನಾದ ಬಾವ್‌ಹಾಂಗ್ ಇದೆ, ನಮ್ಮ ದೇಶದ ಬ್ರುಸ್ಟ್ರೋ ಇದೆ. ಕೊಳ್ಳುವಾಗ ಬ್ರ್ಯಾಂಡ್ ಹೆಸರನ್ನಷ್ಟೇ ನೋಡಬೇಡಿ. ಒಂದೇ ಬ್ರ್ಯಾಂಡಿನಲ್ಲಿ 25% ಹತ್ತಿಯದ್ದೂ 100% ಹತ್ತಿಯದ್ದೂ ಇರುತ್ತದೆ, ಹೊದಿಕೆ ನೋಡಲು ಹೆಚ್ಚುಕಮ್ಮಿ ಒಂದೇ ಥರ. "100% ಕಾಟನ್" ಅಂತ ಸ್ಪಷ್ಟವಾಗಿ ಅಚ್ಚಾಗಿದೆಯೇ ನೋಡಿ. ಬರೀ "ಆರ್ಟಿಸ್ಟ್ ಗ್ರೇಡ್" ಅಂತ ಇದ್ದರೆ ಅದನ್ನು ನಂಬಿ ದುಡ್ಡು ಕೊಡಬೇಡಿ.

ನಮ್ಮ ರಾಜ್ಯದ್ದೇ ಒಂದು ಹೆಸರನ್ನು ಇಲ್ಲಿ ಹೇಳಲೇಬೇಕು. ಹುಬ್ಬಳ್ಳಿ ಹತ್ತಿರದ ತಾರಿಹಾಳದಲ್ಲಿ ಖಾದಿ ಪೇಪರ್ಸ್‌ನವರ ಕೈಕಾಗದ ತಯಾರಾಗುತ್ತದೆ. ಟೀ ಶರ್ಟ್ ಹೊಲಿದು ಉಳಿದ ಹತ್ತಿ ಬಟ್ಟೆಯ ಚೂರುಗಳಿಂದ ಮಾಡುವ ಹಾಳೆ ಅದು. ಹೊರದೇಶದ ಚಿತ್ರಕಾರರೂ ಅದನ್ನು ಬಳಸುತ್ತಾರೆ. ಮೈ ಒರಟು, ಅಂಚು ಕತ್ತರಿಸದೆ ಹಾಗೇ ಬಿಟ್ಟದ್ದು, ನಾರು ಗಟ್ಟಿ. ನುಣುಪಾದ ವಾಶ್ ಬೇಕೆನ್ನುವವರಿಗೆ ಇದು ಹೊಂದಲಿಕ್ಕಿಲ್ಲ. ಮುರಕಲ್ಲಿನ ಗೋಡೆ, ಪಾಚಿ ಹಿಡಿದ ಹಂಚಿನ ಮಾಡು ಬಿಡಿಸುವವರು ಮಾತ್ರ ಒಮ್ಮೆ ಕೈಗೆತ್ತಿಕೊಂಡು ನೋಡಬೇಕು.

ಹೆಜ್ಜೆ 3: ತೂಕ ನೋಡಿ

ಹೊದಿಕೆಯ ಮೇಲಿನ ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಹಾಳೆಯ ತೂಕ, ಗ್ರಾಂನಲ್ಲಿ. ಝೆರಾಕ್ಸ್ ಹಾಳೆ 70–80 ಜಿಎಸ್‌ಎಂ. ಜಲವರ್ಣಕ್ಕೆ 300 ಜಿಎಸ್‌ಎಂ ಇರಲಿ. ಕೆಲವು ಕಡೆ ಇದನ್ನೇ 140 ಪೌಂಡ್ ಅಂತ ಬರೆದಿರುತ್ತಾರೆ, ಎರಡೂ ಒಂದೇ. 190–200 ಜಿಎಸ್‌ಎಂ ಹಾಳೆ ನೀರು ಬಿದ್ದ ಕೂಡಲೇ ಅಲೆ ಅಲೆಯಾಗಿ ಏಳುತ್ತದೆ, ಗುಂಡಿಗಳಲ್ಲಿ ಬಣ್ಣ ನಿಲ್ಲುತ್ತದೆ. 640 ಜಿಎಸ್‌ಎಂ ಅಲುಗಾಡುವುದಿಲ್ಲ, ಬೆಲೆಯೂ ಹಾಗೇ ಇದೆ.

ಹೊದಿಕೆಯ ಮೇಲಿನ ಸಂಖ್ಯೆಯ ಬಗ್ಗೆ ಅನುಮಾನ ಬಂದರೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. 300 ಜಿಎಸ್‌ಎಂನ 4 ಎ4 ಹಾಳೆಗಳು ಸೇರಿ ಸುಮಾರು 75 ಗ್ರಾಂ ತೂಗಬೇಕು. 60ರ ಹತ್ತಿರ ಬಂದರೆ ಅದು 240 ಜಿಎಸ್‌ಎಂ. ಮಳೆಗಾಲದಲ್ಲಿ ಹಾಳೆ ಥಂಡಿ ಹೀರಿ ಸ್ವಲ್ಪ ಹೆಚ್ಚು ತೂಗಬಹುದು.

ಹೆಜ್ಜೆ 4: ಮೈ ಯಾವುದು

ಹಾಟ್ ಪ್ರೆಸ್ ಅಂದರೆ ಬಿಸಿ ರೋಲರ್‌ಗಳ ನಡುವೆ ಒತ್ತಿ ನುಣುಪು ಮಾಡಿದ್ದು. ಕೋಲ್ಡ್ ಪ್ರೆಸ್‌ಗೆ ನಡುವಿನ ತರಿ. ರಫ್ ಪೂರ್ತಿ ಒರಟು.

ಹೊಸಬರಿಗೆ ಕೋಲ್ಡ್ ಪ್ರೆಸ್. ಇದರಲ್ಲಿ ಎರಡು ಮಾತಿಲ್ಲ. ವಾಶ್ ಎಳೆಯುವುದಕ್ಕೂ ಆಗುತ್ತದೆ, ಸಾಕಷ್ಟು ಸಣ್ಣ ಕೆಲಸಕ್ಕೂ ಆಗುತ್ತದೆ. ಗೆರೆಯೇ ಮುಖ್ಯ ಅನ್ನುವವರು ಹಾಟ್ ಪ್ರೆಸ್ ತೆಗೆದುಕೊಳ್ಳಿ. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿದ ಚಿತ್ರಕಲಾವಿದ ಕೆ. ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ನೋಡಿ ಬೆಳೆದ ನಮ್ಮೂರಿನ ಎಷ್ಟೋ ಜನರಿಗೆ ಪೆನ್ನಿನ ಗೆರೆ ಎಲ್ಲೂ ಎಡವದೆ ಓಡಬೇಕು ಅನ್ನುವ ಆಸೆ ಇರುತ್ತದೆ. ಆ ಓಟಕ್ಕೆ ತರಿ ಅಡ್ಡ ಬರುತ್ತದೆ. ಯಕ್ಷಗಾನದ ಮುಖವರ್ಣಿಕೆಗೂ ಹಾಟ್ ಪ್ರೆಸ್ಸೇ ಚೆನ್ನ. ತೆಂಕುತಿಟ್ಟಿನ ಬಣ್ಣದ ವೇಷದ ಚುಟ್ಟಿಯನ್ನು ನೆನೆಸಿಕೊಳ್ಳಿ, ಸಾಲು ಸಾಲು ಬಿಳಿ ಚುಕ್ಕಿ. ಒಂದೊಂದನ್ನೂ ಮಾಸ್ಕಿಂಗ್ ಫ್ಲೂಯಿಡ್‌ನಲ್ಲಿ (ಬಣ್ಣ ತಾಗದಂತೆ ಹಚ್ಚಿ ಆಮೇಲೆ ಎಳೆದು ತೆಗೆಯುವ ರಬ್ಬರಿನಂಥ ದ್ರವ) ಮುಚ್ಚಿ ಮೇಲೆ ಕೆಂಪು, ಕಪ್ಪು ಹಚ್ಚಬೇಕು. ತರಿಯಿರುವ ಹಾಳೆಯಲ್ಲಿ ಆ ಚುಕ್ಕಿಗಳ ಅಂಚು ಹರಿದ ಹಾಗೆ ಕಾಣುತ್ತದೆ. ಹಾಟ್ ಪ್ರೆಸ್‌ನ ತೊಂದರೆ ಅಂದರೆ ದೊಡ್ಡ ವಾಶ್. ಬಣ್ಣ ಜಾರುತ್ತದೆ, ಬ್ರಷ್‌ನ ಗುರುತು ಉಳಿಯುತ್ತದೆ.

ರಫ್ ಹಾಳೆಯ ಮೇಲೆ ಒಣ ಬ್ರಷ್ ಅಡ್ಡ ಹಿಡಿದು ಎಳೆದರೆ ಬಣ್ಣ ತರಿಯ ತುದಿಗಷ್ಟೇ ತಾಗಿ ಗುಂಡಿಗಳು ಬಿಳಿಯಾಗಿ ಉಳಿಯುತ್ತವೆ. ಸೇಂಟ್ ಮೇರಿಸ್ ದ್ವೀಪದ ಕಂಬದಂಥ ಬಂಡೆಗಳು, ಬಿಸಿಲಿಗೆ ಮಿನುಗುವ ಸಮುದ್ರದ ನೀರು, ಇವು ಆ ಒಂದೇ ಎಳೆತದಲ್ಲಿ ಬರುತ್ತವೆ.

ಹೆಜ್ಜೆ 5: ಸೈಜಿಂಗ್. ಕರಾವಳಿಯವರು ಹೆಚ್ಚು ಗಮನ ಕೊಡಬೇಕಾದ್ದು ಇಲ್ಲಿ

ಹತ್ತಿಯಾಗಲಿ ಮರದ ತಿರುಳಾಗಲಿ, ಬರೀ ನಾರು ಬ್ಲಾಟಿಂಗ್ ಪೇಪರಿನ ಹಾಗೆ ನೀರನ್ನು ಗಟಗಟ ಕುಡಿಯುತ್ತದೆ. ಹಾಗೆ ಆಗದಿರಲಿ ಅಂತ ತಯಾರಿಸುವಾಗಲೇ ಒಂದು ಅಂಟು ಸೇರಿಸುತ್ತಾರೆ. ಅದೇ ಸೈಜಿಂಗ್. ನಾರಿನ ಮುದ್ದೆಯೊಳಗೆ ಬೆರೆಸಿದರೆ ಒಳ ಸೈಜಿಂಗ್, ಹಾಳೆಯಾದ ಮೇಲೆ ಅಂಟಿನ ದ್ರಾವಣದಲ್ಲಿ ಅದ್ದಿದರೆ ಹೊರ ಸೈಜಿಂಗ್. ಒಳ್ಳೆಯ ಹಾಳೆಗಳಿಗೆ ಹೆಚ್ಚಾಗಿ ಎರಡೂ ಇರುತ್ತವೆ. ಬಣ್ಣ ಒಣಗಿದ ಮೇಲೂ ಹೊಳೆಯುವುದು, ಉಜ್ಜಿದರೂ ಮೈ ಏಳದಿರುವುದು, ಟೇಪ್ ತೆಗೆದಾಗ ಹರಿಯದಿರುವುದು, ಎಲ್ಲ ಈ ಅಂಟಿನ ಕೆಲಸ.

ಆರ್ಶ್, ಸಾಂಡರ್ಸ್ ವಾಟರ್‌ಫೋರ್ಡ್‌ನಂಥ ಹಾಳೆಗಳಲ್ಲಿ ಈ ಅಂಟು ಜೆಲಟಿನ್, ಅಂದರೆ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದದ್ದು. ದೇವರ ಚಿತ್ರ ಬಿಡಿಸುವವರು, ಶುದ್ಧ ಸಸ್ಯಾಹಾರಿಗಳು ನಮ್ಮ ಕಡೆ ತುಂಬಾ ಜನ ಇದ್ದಾರೆ. ಅವರಿಗೆ ಈ ವಿಷಯ ಮೊದಲೇ ಗೊತ್ತಿರಬೇಕು ಅನ್ನುವುದು ನನ್ನ ಅಭಿಪ್ರಾಯ. ಫ್ಯಾಬ್ರಿಯಾನೊ ಆರ್ಟಿಸ್ಟಿಕೊದಲ್ಲಿ ಪ್ರಾಣಿಜನ್ಯ ಅಂಟು ಬಳಸುವುದಿಲ್ಲ. ಕ್ಯಾನ್ಸನ್ ಹೆರಿಟೇಜ್ ಕೂಡ ಜೆಲಟಿನ್ ಇಲ್ಲದ ಹತ್ತಿ ಹಾಳೆ.

ಈಗ ನಮ್ಮ ಮಳೆಗಾಲಕ್ಕೆ ಬರೋಣ. ತಿಂಗಳುಗಟ್ಟಲೆ ಥಂಡಿಯಲ್ಲಿ ಇದ್ದರೆ ಈ ಅಂಟು ಅಲ್ಲಲ್ಲಿ ಸಾಯುತ್ತದೆ. ಬೂಷ್ಟಿಗೆ ಅದು ಆಹಾರ ಕೂಡ. ಹಾಳೆ ಒಣಗಿದ್ದಾಗ ಏನೂ ಕಾಣುವುದಿಲ್ಲ, ಬೆಳ್ಳಗೆ ಹೊಸದರ ಹಾಗೇ ಇರುತ್ತದೆ. ವಾಶ್ ಹಚ್ಚಿದ ಕೂಡಲೇ ಅಂಟು ಹೋದ ಜಾಗಗಳು ಬಣ್ಣವನ್ನು ಒಳಗೆ ಎಳೆದು ಕಪ್ಪು ಚುಕ್ಕಿಗಳಾಗಿ ತೋರುತ್ತವೆ. ಒಮ್ಮೆ ಬಂದರೆ ಅಳಿಸುವ ದಾರಿ ಇಲ್ಲ. ಒಳ್ಳೆಯ ಬ್ರ್ಯಾಂಡಿನ ಹಾಳೆಗೂ ಹೀಗಾಗುತ್ತದೆ, ಹಳೆಯ ದಾಸ್ತಾನಿನದ್ದಾದರೆ ಇನ್ನೂ ಹೆಚ್ಚು. ಆದ್ದರಿಂದ ಅಂಗಡಿಯಲ್ಲಿ "ಈ ಸ್ಟಾಕ್ ಯಾವಾಗ ಬಂದದ್ದು, ಒಂದು ಮಳೆಗಾಲ ಕಳೆದಿದೆಯಾ?" ಅಂತ ಕೇಳಲು ಸಂಕೋಚ ಬೇಡ. ಅಂಚು ಹಳದಿಯಾದದ್ದು, ಮೂಗಿಗೆ ಹಿಡಿದರೆ ಹಳೆಯ ಪುಸ್ತಕದ ವಾಸನೆ ಬರುವುದು, ಪ್ಯಾಡಿನ ಹಾಳೆಗಳು ಅಲೆ ಅಲೆಯಾಗಿ ಎದ್ದದ್ದು, ಇವು ಕಂಡರೆ ರಿಯಾಯಿತಿ ಕೊಟ್ಟರೂ ಬಿಟ್ಟು ಬನ್ನಿ.

ಆಸಿಡ್ ಫ್ರೀ (ಆಮ್ಲವಿಲ್ಲದ್ದು) ಅನ್ನುವ ಮಾತನ್ನೂ ಹೊದಿಕೆಯ ಮೇಲೆ ಹುಡುಕಿ. ನ್ಯೂಸ್ ಪೇಪರ್ ಬಿಸಿಲಲ್ಲಿ ಬಿದ್ದರೆ ಕೆಲವೇ ದಿನದಲ್ಲಿ ಹಳದಿಯಾಗುತ್ತದೆ ಅಲ್ವಾ? ಮರದಲ್ಲಿರುವ ಲಿಗ್ನಿನ್ ಅನ್ನುವ ವಸ್ತು ಅದಕ್ಕೆ ಕಾರಣ. ಹತ್ತಿಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಒಳ್ಳೆಯ ಸೆಲ್ಯುಲೋಸ್ ಹಾಳೆಯಲ್ಲಿ ಅದನ್ನು ತೆಗೆದಿರುತ್ತಾರೆ.

ಹೆಜ್ಜೆ 6: ಬಿಡಿ ಶೀಟ್, ಪ್ಯಾಡ್, ಬ್ಲಾಕ್

ಪೂರ್ತಿ ಶೀಟ್ 22×30 ಇಂಚು. ಅದನ್ನು ಮಡಚಿ ಕತ್ತರಿಸಿದರೆ 11×15 ಇಂಚಿನ 4, ಅಥವಾ 7.5×11 ಇಂಚಿನ 8 ಹಾಳೆ ಸಿಗುತ್ತದೆ. ಒಂದು ಶೀಟಿನ ಬೆಲೆಯನ್ನು 8ರಿಂದ ಭಾಗಿಸಿ ನೋಡಿ, ಹತ್ತಿಯ ಹಾಳೆ ನೀವು ಅಂದುಕೊಂಡಷ್ಟು ದುಬಾರಿಯಲ್ಲ. ಅಳುಕು ಹೋಗುವುದು ಈ ಭಾಗಾಕಾರದಿಂದಲೇ. ಒಳ್ಳೆಯ ಹಾಳೆಯ ಹಿಂಬದಿಯೂ ಬಳಸಲು ಬರುತ್ತದೆ. ಕೆಲವು ಶೀಟಿನ ಮೂಲೆಯಲ್ಲಿ ಬೆಳಕಿಗೆ ಹಿಡಿದರೆ ವಾಟರ್‌ಮಾರ್ಕ್ ಕಾಣುತ್ತದೆ. ಅಕ್ಷರ ನೇರವಾಗಿ ಓದಲು ಬರುವುದು ಮುಂಬದಿ.

ಪ್ಯಾಡ್ ಸಲೀಸು. ಬ್ಲಾಕ್ ಅಂದರೆ ನಾಲ್ಕೂ ಬದಿ ಅಂಟು ಹಾಕಿದ ಹಾಳೆಯ ಕಟ್ಟು, ಹಾಗಾಗಿ ಒದ್ದೆಯಾದರೂ ಹಾಳೆ ಅಷ್ಟಾಗಿ ಏಳುವುದಿಲ್ಲ. ಹೊರಗೆ ಹೋಗಿ ಬಿಡಿಸುವವರಿಗೆ ಅದೇ ಅನುಕೂಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವಾಗ ಮಲ್ಪೆಯಲ್ಲಿ ಬೋಟುಗಳು ಒತ್ತಾಗಿ ಸಾಲುಗಟ್ಟಿ ನಿಂತಿರುತ್ತವೆ. ಬಿಡಿಸುವವರಿಗೆ ಅದಕ್ಕಿಂತ ಒಳ್ಳೆಯ ನೋಟ ಸಿಗದು. ಆ ಎರಡು ತಿಂಗಳಿಗೆ ಸಣ್ಣ ಬ್ಲಾಕ್ ಒಂದನ್ನು ಚೀಲದಲ್ಲಿಟ್ಟುಕೊಳ್ಳಿ, ಮೇಲೊಂದು ಪ್ಲಾಸ್ಟಿಕ್ ಕವರ್ ಮರೆಯಬೇಡಿ.

ಹೆಜ್ಜೆ 7: ಒಂದೇ ಹಾಳೆ ತಂದು ಮನೆಯಲ್ಲಿ ಪರೀಕ್ಷೆ ಮಾಡಿ

ಹೊಸ ಕಾಗದವನ್ನು ಒಮ್ಮೆಲೇ ಹತ್ತಾರು ಶೀಟ್ ತರಬೇಡಿ. ಒಂದು ತಂದು, ಅಂಗೈ ಅಗಲದ ಕೆಲವು ತುಂಡು ಮಾಡಿಕೊಳ್ಳಿ. ಅಂಚಿನಿಂದ ಒಂದಾದರೂ ತುಂಡು ಇರಲಿ, ಥಂಡಿ ಮೊದಲು ನುಗ್ಗುವುದು ಅಂಚಿನಿಂದ.

ಮೊದಲಿಗೆ ಒಂದು ಹನಿ ನೀರು ಬಿಡಿ. ಹನಿ ಸ್ವಲ್ಪ ಹೊತ್ತು ಉಬ್ಬಿ ನಿಂತು ಆಮೇಲೆ ನಿಧಾನಕ್ಕೆ ಹರಡಿದರೆ ಸೈಜಿಂಗ್ ಸರಿಯಿದೆ. ಬಿದ್ದ ಕೂಡಲೇ ಒಳಗಿಳಿದು ಹಿಂಬದಿಯಲ್ಲಿ ಕಲೆ ತೋರಿದರೆ ಸರಿಯಿಲ್ಲ. ಹನಿ ಎಷ್ಟು ಹೊತ್ತಾದರೂ ಹಾಗೇ ಗುಂಡಗೆ ಉರುಳುತ್ತಿದ್ದರೆ ಅಂಟು ಹೆಚ್ಚಾಗಿದೆ. ಆಗ ಒದ್ದೆ ಸ್ಪಂಜಿನಿಂದ ಒಮ್ಮೆ ಮೃದುವಾಗಿ ಒರೆಸಿದರೆ ಬಣ್ಣ ಕೂರುತ್ತದೆ.

ಎರಡನೇ ತುಂಡಿಗೆ ಅಗಲ ಬ್ರಷ್‌ನಿಂದ ಬರೀ ನೀರು ಹಚ್ಚಿ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಇಡೀ ಮೈ ಒಂದೇ ಸಮ ಹೊಳೆಯಬೇಕು. ನಡುನಡುವೆ ಮಂಕಾದ ಚುಕ್ಕಿ, ಮಚ್ಚೆ ಕಂಡರೆ ಅಲ್ಲಿ ಅಂಟು ಸತ್ತಿದೆ. ಮಳೆಗಾಲ ಕಳೆದ ಮೇಲೆ ಮನೆಯಲ್ಲಿ ಉಳಿದ ಹಾಳೆಗಳಿಗೂ ಈ ಪರೀಕ್ಷೆ ಮಾಡಿ. ಇಷ್ಟೂ ಪರೀಕ್ಷೆಗಳಲ್ಲಿ ಒಂದನ್ನು ಮಾತ್ರ ಮಾಡಲು ಪುರುಸೊತ್ತು ಇದ್ದರೆ ಇದನ್ನೇ ಮಾಡಿ.

ಮೂರನೆಯದು ವಾಶ್. ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಸಿಯೆನಾ ಅನ್ನುವ ಕೆಂಗಂದು ಬಣ್ಣ ಬೆರೆಸಿದರೆ ನಮ್ಮ ಆಟಿ ತಿಂಗಳ (ತುಳುನಾಡಿನ ಮಳೆಗಾಲದ ತಿಂಗಳು) ಮೋಡದ ಬೂದು ಸಿಗುತ್ತದೆ. ಅದನ್ನು ಹಲಗೆ ಸ್ವಲ್ಪ ಓರೆ ಮಾಡಿ ಮೇಲಿನಿಂದ ಕೆಳಗೆ ಎಳೆಯಿರಿ. ಅಲ್ಟ್ರಾಮರೀನ್‌ನ ಕಣಗಳು ತರಿಯ ಗುಂಡಿಗಳಲ್ಲಿ ಕೂತು ಮರಳು ಉದುರಿದ ಹಾಗೆ ಕಾಣಬೇಕು. ಪಟ್ಟೆ ಬಿದ್ದರೆ, ಚುಕ್ಕಿ ಬಂದರೆ ಗುರುತು ಹಾಕಿಕೊಳ್ಳಿ. ಒಣಗಿದ ಮೇಲೆ ಅರ್ಧ ಭಾಗಕ್ಕೆ ಇನ್ನೊಂದು ಪದರ, ಅದರ ಅರ್ಧಕ್ಕೆ ಮತ್ತೊಂದು. ಮೂರನೇ ಪದರದಲ್ಲೂ ಬಣ್ಣ ತಿಳಿಯಾಗಿದ್ದು ಕೆಸರಾಗದಿದ್ದರೆ ಆ ಹಾಳೆ ಇಟ್ಟುಕೊಳ್ಳಬಹುದು.

ಬಣ್ಣ ಎತ್ತುವ ಪರೀಕ್ಷೆಗೆ ಥ್ಯಾಲೋ ನೀಲಿ, ಥ್ಯಾಲೋ ಹಸಿರು ಬಳಸಬೇಡಿ. ಅವು ಯಾವ ಹಾಳೆಯಲ್ಲೂ ಕಲೆ ಉಳಿಸುತ್ತವೆ, ತಪ್ಪು ಹಾಳೆಯ ಮೇಲೆ ಬರುತ್ತದೆ. ಒಣಗಿದ ಬರ್ಂಟ್ ಸಿಯೆನಾದ ಮೇಲೆ ಒದ್ದೆ ಬ್ರಷ್ ಆಡಿಸಿ, ಟಿಶ್ಯೂ ಒತ್ತಿ ನೋಡಿ. ಜೊತೆಗೆ ಒಂದು ಮೂಲೆಗೆ ಮಾಸ್ಕಿಂಗ್ ಟೇಪ್, ಇನ್ನೊಂದು ಮೂಲೆಗೆ ಮಾಸ್ಕಿಂಗ್ ಫ್ಲೂಯಿಡ್ ಹಚ್ಚಿ ತೆಗೆಯಿರಿ. ನಾರು ಎದ್ದು ಬಂದರೆ ಚುಟ್ಟಿಯಂಥ ಕೆಲಸಕ್ಕೆ ಆ ಹಾಳೆ ಬೇಡ.

ಪ್ರತಿ ತುಂಡಿನ ಹಿಂದೆ ಬ್ರ್ಯಾಂಡ್, ತೂಕ, ಮೈ, ತಿಂಗಳು ಬರೆದು ಒಂದು ಫೈಲಿನಲ್ಲಿ ಇಡಿ. ಡಿಸೆಂಬರ್‌ನಲ್ಲಿ ಮಾಡಿದ್ದಕ್ಕೂ ಜುಲೈಯಲ್ಲಿ ಮಾಡಿದ್ದಕ್ಕೂ ಒಣಗುವ ಹೊತ್ತಿನಲ್ಲಿ ತುಂಬಾ ವ್ಯತ್ಯಾಸ ಇರುತ್ತದೆ.

ಹೆಜ್ಜೆ 8: ಹಲಗೆಗೆ ಕೂರಿಸುವುದು

ನೀರು ಕಡಿಮೆ ಬಳಸುವವರಿಗೆ ನಾಲ್ಕು ಬದಿ ಮಾಸ್ಕಿಂಗ್ ಟೇಪ್ ಸಾಕು. ಚಿತ್ರ ಒಣಗಿದ ಅದೇ ದಿನ ಟೇಪ್ ತೆಗೆಯಿರಿ, ಸೆಕೆಗೆ ಅಂಟು ಕರಗಿ ಕಚ್ಚಿಕೊಳ್ಳುತ್ತದೆ. ನೀರು ಜಾಸ್ತಿ ಬಳಸುವವರು ಹಾಳೆಯನ್ನು ಕೆಲವು ನಿಮಿಷ ನೀರಲ್ಲಿ ನೆನೆಸಿ, ದಪ್ಪ ಪ್ಲೈವುಡ್ ಮೇಲೆ ಹರಡಿ, ನೀರು ತಾಗಿಸಿದರೆ ಅಂಟುವ ಕಂದು ಕಾಗದದ ಟೇಪ್ ಹಾಕಿ ಮಲಗಿಸಿಯೇ ಒಣಗಲು ಬಿಡಬೇಕು. ಮಳೆಗಾಲದಲ್ಲಿ ಇದಕ್ಕೆ ಫ್ಯಾನಿನ ಗಾಳಿ ಬೇಕೇ ಬೇಕು.

ಕೈಯ ವಿಷಯವನ್ನೂ ಹೇಳಿಬಿಡುತ್ತೇನೆ. ತಲೆಗೆ ತೆಂಗಿನೆಣ್ಣೆ ಹಚ್ಚಿದ ಕೈಯಿಂದ ಹಾಳೆ ಮುಟ್ಟಿದರೆ ಆ ಬೆರಳ ಗುರುತಿನಲ್ಲಿ ಬಣ್ಣ ಕೂರುವುದಿಲ್ಲ. ಬೆವರಿಗೂ ಅಷ್ಟೇ. ಸೋಪಿನಿಂದ ಕೈ ತೊಳೆದು ಕೂರಿ, ಅಂಗೈ ಕೆಳಗೆ ಒಂದು ಬಿಳಿ ಹಾಳೆ ಇಟ್ಟುಕೊಳ್ಳಿ.

ಹೆಜ್ಜೆ 9: ಮಳೆಗಾಲ ದಾಟಿಸುವುದು

ಕಾಗದ ಕೊಳ್ಳಲು ಒಳ್ಳೆಯ ಸಮಯ ಮಳೆ ನಿಂತ ಮೇಲೆ, ನವೆಂಬರ್‌ನಿಂದ ಮಾರ್ಚ್. ಮುಂದಿನ ಮಳೆಗಾಲದೊಳಗೆ ಮುಗಿಯುವಷ್ಟೇ ತನ್ನಿ. ಉಳಿದದ್ದನ್ನು ಮೇ ತಿಂಗಳ ಒಣ ದಿನ ನೋಡಿ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಥಂಡಿ ಹೀರುವ ಸಿಲಿಕಾ ಜೆಲ್ ಪೊಟ್ಟಣ ಸೇರಿಸಿ, ಗಾಳಿಯಾಡದಂತೆ ಮುಚ್ಚಿ. ಮಳೆ ಹಿಡಿದ ಮೇಲೆ ಮುಚ್ಚಿದರೆ ಥಂಡಿಯನ್ನೇ ಒಳಗೆ ಕೂಡಿ ಹಾಕಿದ ಹಾಗಾಗುತ್ತದೆ, ಅದು ಇನ್ನೂ ಕೆಟ್ಟದ್ದು. ಬಣ್ಣ ಬದಲಾಗುವ ಸಿಲಿಕಾ ಜೆಲ್ ತಂದರೆ ಥಂಡಿ ತುಂಬಿದ್ದು ಕಣ್ಣಿಗೆ ಕಾಣುತ್ತದೆ, ಬಿಸಿ ಮಾಡಿ ಮತ್ತೆ ಬಳಸಬಹುದು.

ಚೀಲವನ್ನು ಮಲಗಿಸಿ ಇಡಿ. ಹೊರಗೋಡೆಗೆ ತಾಗಿದ ಕಪಾಟು ಬೇಡ, ಮಳೆನೀರು ಕುಡಿದ ಗೋಡೆ ಒಳಗಿನವರೆಗೂ ಥಂಡಿ ದಾಟಿಸುತ್ತದೆ. ನ್ಯೂಸ್ ಪೇಪರ್‌ನಲ್ಲಿ ಸುತ್ತಬೇಡಿ, ಅದರ ಆಮ್ಲ ಹಾಳೆಗೆ ಇಳಿಯುತ್ತದೆ. ರಟ್ಟಿನ ಡಬ್ಬಕ್ಕೂ ಅದೇ ಮಾತು. ಸಿಲ್ವರ್‌ಫಿಶ್ ಅನ್ನುವ ಬೆಳ್ಳಿ ಬಣ್ಣದ ಪುಟ್ಟ ಹುಳಕ್ಕೆ ಹಾಳೆಯ ಅಂಟು ಅಂದರೆ ಬಲು ಇಷ್ಟ, ತಿಂಗಳಿಗೊಮ್ಮೆ ಕಪಾಟು ತೆಗೆದು ನೋಡಿ.

ಅಂಟು ಸತ್ತ ಹಾಳೆ ಕೈಗೆ ಬಂದರೆ ಬಿಸಾಡಬೇಡಿ. ಪೇಸ್ಟಲ್, ಇದ್ದಿಲು, ಅಕ್ರಿಲಿಕ್‌ಗೆ ಅದು ಚೆನ್ನಾಗಿಯೇ ಆಗುತ್ತದೆ. ದಪ್ಪ ಗುವಾಶ್‌ಗೂ (ನೀರಲ್ಲಿ ಬೆರೆಸುವ ಅಪಾರದರ್ಶಕ ಬಣ್ಣ) ನಡೆಯುತ್ತದೆ.

ಮಳೆಗಾಲದಲ್ಲೇ ಆನ್‌ಲೈನ್‌ನಲ್ಲಿ ತರಿಸಬೇಕಾಗಿ ಬಂದರೆ ಪಾರ್ಸೆಲ್ ಬಂದ ದಿನವೇ ತೆರೆಯಿರಿ. ಮೂಲೆ ಒದ್ದೆಯಾಗಿದ್ದರೆ, ಪ್ಯಾಡ್ ಅಲೆ ಎದ್ದಿದ್ದರೆ ಫೋಟೋ ತೆಗೆದುಕೊಳ್ಳಿ. ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ಒಂದು ಹಾಳೆಯ ಅಂಚು ಕತ್ತರಿಸಿ ನೀರಿನ ಪರೀಕ್ಷೆ ಮಾಡಿಬಿಡಿ.